ಬಿಸಿಲು 40 ದಾಟಿದಾಗ ಹಳೇ ಬೈಕಿನ ಆಯಿಲ್ ಏನಾಗುತ್ತೆ? ಇಂಜಿನ್ ಬೋರಿಗೆ ಬರೋ ಮುಂಚೆ ಇಷ್ಟು ನೋಡಿಕೊಳ್ಳಿ

ಸಿಂಧನೂರು: ಏಪ್ರಿಲ್ ಬಂತೆಂದರೆ ರಾಯಚೂರು ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿ ಏನಲ್ಲ. ಮಧ್ಯಾಹ್ನ 12ರ ಮೇಲೆ ರಸ್ತೆಯಲ್ಲಿ ಜನ ಕಡಿಮೆ. ಆದರೆ ಬೈಕ್ ಮಾತ್ರ ಓಡಲೇಬೇಕು. ಕ್ಯಾಂಪ್‌ಗಳಿಂದ ಹಾಲು ಬರಬೇಕು, ಹಳ್ಳಿ ಅಂಗಡಿಗೆ ಕಿರಾಣಿ ಸಾಮಾನು ಹೋಗಬೇಕು, ಹೊಲಕ್ಕೆ ಔಷಧಿ ಒಯ್ಯಬೇಕು. ಈ ಕೆಲಸವೆಲ್ಲ ಮಾಡೋದು ಹತ್ತು-ಹದಿನೈದು ವರ್ಷ ಹಳೆಯ ಸ್ಪ್ಲೆಂಡರ್, ಪ್ಯಾಷನ್, ಪ್ಲಾಟಿನಾ, ಅಲ್ಲೊಂದು ಇಲ್ಲೊಂದು ಹಳೇ ಬುಲೆಟ್. ಇದೇ ದಿನಗಳಲ್ಲಿ ಗ್ಯಾರೇಜುಗಳ ಮುಂದೆ ಹೆಚ್ಚು ಕೇಳಿಬರುವ ಮಾತು ಒಂದೇ: ಗಾಡಿ ಭಾಳ ಬಿಸಿ ಆಗ್ಯಾದ, ಪಿಕಪ್ ಇಲ್ಲ.

ಬಹಳ ಜನ ಇದನ್ನು ಬಿಸಿಲಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಬಿಸಿಲನ್ನು ಯಾರೂ ಕಡಿಮೆ ಮಾಡೋಕಾಗಲ್ಲ, ನಿಜ. ಆದರೆ ಇಂಜಿನ್ ಒಳಗಿನ ಆಯಿಲ್ ಎಷ್ಟು ಕಾಯಬೇಕು ಅನ್ನೋದು ಬಹಳಷ್ಟು ಗಾಡಿ ಓಡಿಸುವವರ ಕೈಯಲ್ಲೇ ಇದೆ. ಆಯಿಲ್ ಬದಲಿಸುವ ಖರ್ಚು ನೂರರ ಲೆಕ್ಕ. ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವ ಖರ್ಚು ಸಾವಿರದ ಲೆಕ್ಕ. ಅದರ ಮೇಲೆ ಗಾಡಿ ಗ್ಯಾರೇಜಿನಲ್ಲಿ ನಿಂತಷ್ಟು ದಿನ ದುಡಿಮೆ ಬಂದ್.

ಆಯಿಲ್ ಕೆಲಸ ಬರೀ ಜಾರಿಸೋದಲ್ಲ

ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಮೂರನೇ ಒಂದು ಭಾಗವೂ ಗಾಲಿಗೆ ಹೋಗುವುದಿಲ್ಲ. ಉಳಿದದ್ದೆಲ್ಲ ಬಿಸಿ. ಸ್ವಲ್ಪ ಸೈಲೆನ್ಸರ್ ದಾರಿ ಹಿಡಿದು ಹೊರಗೆ ಹೋಗುತ್ತೆ, ಉಳಿದದ್ದು ಇಂಜಿನ್ ಲೋಹಕ್ಕೆ ಇಳಿಯುತ್ತೆ. ಕಾರು, ಟ್ರ್ಯಾಕ್ಟರ್‌ಗಾದರೆ ಇದನ್ನು ತೆಗೆಯಲು ರೇಡಿಯೇಟರ್ ಇದೆ, ನೀರಿದೆ, ಫ್ಯಾನ್ ಇದೆ. ಹಳೇ ಬೈಕಿಗೆ ಇರೋದು ಎರಡೇ. ಒಂದು, ಇಂಜಿನ್ ಹೊರಗೆ ಪಟ್ಟಿ ಪಟ್ಟಿಯಾಗಿ ಕಾಣುವ ಫಿನ್‌ಗಳಿಗೆ ತಾಗುವ ಗಾಳಿ. ಇನ್ನೊಂದು, ಒಳಗಿನ ಆಯಿಲ್.

ಪಿಸ್ಟನ್ ತಳಕ್ಕೆ, ಕ್ರ್ಯಾಂಕಿಗೆ, ಹೆಡ್ ಒಳಗಿನ ಕ್ಯಾಮಿಗೆ ಹೊರಗಿನ ಗಾಳಿ ಮುಟ್ಟುವುದೇ ಇಲ್ಲ. ಅಲ್ಲಿಯ ಬಿಸಿಯನ್ನು ಹೊತ್ತು ಕೆಳಗಿನ ಕೇಸ್‌ಗೆ ತಂದು ಗಾಳಿಗೆ ಬಿಡುವುದು ಆಯಿಲ್ ಕೆಲಸ. ಸ್ಪ್ಲೆಂಡರ್ ಥರದ ಗಾಡಿಯಲ್ಲಿ ಅದೇ ಆಯಿಲ್ ಗೇರ್ ಬಾಕ್ಸಿಗೂ ಬೇಕು, ಕ್ಲಚ್ ಪ್ಲೇಟಿಗೂ ಬೇಕು. ಇಷ್ಟೆಲ್ಲ ಕೆಲಸಕ್ಕೆ ಇರುವ ಆಯಿಲ್ ಹೆಚ್ಚುಕಡಿಮೆ ಒಂದು ಲೀಟರ್ ಮಾತ್ರ.

ಆರ್‌ಎಕ್ಸ್ 100, ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಯೆಜ್ಡಿ ಇಂಥ ಟೂ ಸ್ಟ್ರೋಕ್ ಗಾಡಿಗಳ ಲೆಕ್ಕ ಬೇರೆ. ಅವುಗಳಲ್ಲಿ ಆಯಿಲ್ ಪೆಟ್ರೋಲ್ ಜೊತೆ ಉರಿದು ಹೋಗುತ್ತೆ, ಗೇರ್ ಆಯಿಲ್ ಪ್ರತ್ಯೇಕ. ಇಲ್ಲಿ ಹೇಳುತ್ತಿರುವುದು ಫೋರ್ ಸ್ಟ್ರೋಕ್ ಗಾಡಿಗಳ ಮಾತು.

ಎಷ್ಟು ಬಿಸಿ ಸರಿ, ಎಷ್ಟು ಹೆಚ್ಚು?

ಆಯಿಲ್ ಬಿಸಿ ಆಗಲೇಬಾರದು ಅಂತಲ್ಲ. ಏರ್ ಕೂಲ್ಡ್ ಬೈಕಿನಲ್ಲಿ 90ರಿಂದ 120 ಡಿಗ್ರಿ ಒಳಗಿದ್ದರೆ ಆಯಿಲ್ ತನ್ನ ಕೆಲಸ ಸರಿಯಾಗಿ ಮಾಡುತ್ತೆ. 130 ದಾಟಿ ಬಹಳ ಹೊತ್ತು ಓಡಿದರೆ ತೊಂದರೆ ಶುರು. ಆಯಿಲ್ ನೀರಿನಂತೆ ತೆಳ್ಳಗಾಗಿ, ಲೋಹಕ್ಕೂ ಲೋಹಕ್ಕೂ ನಡುವೆ ಇರಬೇಕಾದ ಪದರ ಸಣ್ಣದಾಗುತ್ತೆ. ಜೊತೆಗೆ ಆಯಿಲ್ ಗಾಳಿಯೊಂದಿಗೆ ಬೆರೆತು ಹಳಸತೊಡಗುತ್ತೆ, ಜಿಡ್ಡು ಕಟ್ಟುತ್ತೆ.

ಆಯಿಲ್ ತಿಳಿದವರು ಇಟ್ಟುಕೊಂಡಿರುವ ಒಂದು ಅಂದಾಜು ಲೆಕ್ಕವಿದೆ. ಬಿಸಿ ಹೆಚ್ಚಿದ ಮೇಲೆ, ಪ್ರತಿ 10 ಡಿಗ್ರಿ ಏರಿಕೆಗೆ ಆಯಿಲ್ ಹಳಸುವ ವೇಗ ಸುಮಾರು ಎರಡು ಪಟ್ಟಾಗುತ್ತೆ. ಗಾಳಿಯನ್ನೇ ನಂಬಿದ ಇಂಜಿನ್‌ನಲ್ಲಿ ಹೊರಗಿನ ಗಾಳಿ ಎಷ್ಟು ಡಿಗ್ರಿ ಏರುತ್ತೋ, ಅದೇ ಭಾರ ಅದೇ ವೇಗಕ್ಕೆ ಆಯಿಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತೆ. ತಡೆಯೋಕೆ ಫ್ಯಾನ್ ಇಲ್ಲ. ಡಿಸೆಂಬರ್ ಸಂಜೆ 20 ಡಿಗ್ರಿಯಲ್ಲಿ ಆರಾಮಾಗಿ ಓಡಿದ ಗಾಡಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಓಡಿದರೆ ಆಯಿಲ್ 20 ಡಿಗ್ರಿಗೂ ಹೆಚ್ಚು ಬಿಸಿ. ಮೇಲಿನ ಲೆಕ್ಕ ಹಾಕಿದರೆ ನಾಲ್ಕು ಪಟ್ಟು ಬೇಗ ಹಳಸಿದಂತೆ. ಚಳಿಗಾಲದಲ್ಲಿ ಆಯಿಲ್ ಬದಲಿಸಿದ ಕಿಲೋಮೀಟರ್ ಲೆಕ್ಕವನ್ನೇ ಬೇಸಿಗೆಗೂ ಹಿಡಿದರೆ ಯಾಕೆ ಮೋಸ ಹೋಗುತ್ತೇವೆ ಅನ್ನೋದು ಇದರಲ್ಲೇ ಇದೆ.

ಹಳೇ ಗಾಡಿಗೆ ಇನ್ನೊಂದು ಕಷ್ಟ. ಪಿಸ್ಟನ್ ರಿಂಗ್ ಸವೆದಿದ್ದರೆ ಉರಿದ ಗ್ಯಾಸ್ ರಿಂಗ್ ದಾಟಿ ಕೆಳಗಿಳಿದು ಆಯಿಲನ್ನು ನೇರವಾಗಿ ಕಾಯಿಸುತ್ತೆ, ಕಪ್ಪು ಮಾಡುತ್ತೆ, ಸ್ವಲ್ಪ ಸ್ವಲ್ಪವೇ ಉರಿಸಿ ಕಡಿಮೆಯೂ ಮಾಡುತ್ತೆ.

ಮೊದಲ ಶತ್ರು ಎರೆ ಮಣ್ಣು

ಈ ಭಾಗದ ಎರೆ ಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಇಟ್ಟಿಗೆ. ಗದ್ದೆ ಬದು, ಕಾಲುವೆ ದಾರಿಯಲ್ಲಿ ಓಡಾಡುವ ಬೈಕ್‌ಗಳ ಫಿನ್ ನಡುವೆ ಈ ಕೆಸರು ಹೊಕ್ಕು ಒಣಗಿ ಕೂತಿರುತ್ತೆ. ಸ್ಪ್ಲೆಂಡರ್ ಥರದ ಗಾಡಿಗಳ ಸಿಲಿಂಡರ್ ಹೆಚ್ಚುಕಡಿಮೆ ಅಡ್ಡ ಮಲಗಿದೆ. ಹಾಗಾಗಿ ಹೆಡ್ ಮುಂದಿನ ಗಾಲಿಗೆ ಎದುರಾಗಿ ಇದೆ. ಗಾಲಿ ಎರಚಿದ ಕೆಸರು ನೇರವಾಗಿ ಅಲ್ಲಿಗೇ ಬಡಿಯುತ್ತೆ. ಮುಂದಿನ ಮಡ್‌ಗಾರ್ಡ್ ಕೆಳಗಿನ ರಬ್ಬರ್ ಹರಿದುಹೋಗಿದ್ದರಂತೂ ಕೇಳುವುದೇ ಬೇಡ.

ಫಿನ್ ನಡುವೆ ಮಣ್ಣು ತುಂಬಿದರೆ ಗಾಳಿ ಹಾಯುವ ಜಾಗವೇ ಮುಚ್ಚಿಹೋಗುತ್ತೆ. ಇಂಜಿನ್ ಬೇಸಿಗೆಯಲ್ಲಿ ಕಂಬಳಿ ಹೊದ್ದಂತೆ. ಸೋರಿದ ಆಯಿಲ್ ಮೇಲೆ ಧೂಳು ಕೂತು ಕಟ್ಟಿದ ಕರಿ ಪದರವೂ ಅಷ್ಟೇ ಕೆಟ್ಟದ್ದು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರು ಹಾಕಿ ನೆನೆಸಿ, ಕಟ್ಟಿಗೆ ಕಡ್ಡಿ ಇಲ್ಲವೇ ಹಳೇ ಬ್ರಷ್‌ನಿಂದ ಒಂದೊಂದೇ ಸಂದಿ ಬಿಡಿಸಬೇಕು. ಕಾಸಿನ ಖರ್ಚಿಲ್ಲ. ಲೆಗ್ ಗಾರ್ಡ್‌ಗೆ ಕಟ್ಟಿದ ತಗಡು, ಚೀಲ, ರೆಕ್ಸಿನ್ ಇದ್ದರೆ ಬೇಸಿಗೆ ಮುಗಿಯುವ ತನಕ ಬಿಚ್ಚಿಡೋದು ಒಳ್ಳೇದು. ಮಳೆಗಾಲದಲ್ಲಿ ಕಾಲಿಗೆ ಕೆಸರು ಸಿಡಿಯದಿರಲಿ ಅಂತ ಕಟ್ಟಿದ್ದು, ಬೇಸಿಗೆಯಲ್ಲಿ ಇಂಜಿನ್‌ಗೆ ಗಾಳಿ ತಡೆಯುತ್ತೆ.

ನಿಂತ ಗಾಡಿ ಓಡೋ ಗಾಡಿಗಿಂತ ಬೇಗ ಕಾಯುತ್ತೆ

ಗಾಳಿ ಬೇಕಾದರೆ ಗಾಡಿ ಚಲಿಸಬೇಕು. ರೈಲ್ವೆ ಗೇಟ್ ಮುಂದೆ, ಸಂತೆ ದಿನ ಬಜಾರ್ ರಸ್ತೆಯಲ್ಲಿ, ಅಂಗಡಿ ಮುಂದೆ ಫೋನಿನಲ್ಲಿ ಮಾತಾಡುತ್ತಾ ಗಾಡಿ ಚಾಲೂ ಇಟ್ಟು ನಿಂತರೆ ಇಂಜಿನ್‌ಗೆ ಗಾಳಿಯೇ ಇಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕು ಅನ್ನಿಸಿದರೆ ಕೀ ಆಫ್ ಮಾಡುವುದೇ ಸರಿ. ಪೆಟ್ರೋಲೂ ಉಳಿಯುತ್ತೆ.

ಭಾರ ಮತ್ತು ಗೇರ್ ಎರಡನೇ ಕಾರಣ. ಗಂಡ, ಹೆಂಡತಿ, ಜೊತೆಗೆ 45 ಕೆ.ಜಿ. ಯೂರಿಯಾ ಚೀಲ ಹೇರಿಕೊಂಡು ಟಾಪ್ ಗೇರಿನಲ್ಲೇ ಏರು ಹತ್ತಿಸಿದರೆ 100 ಸಿ.ಸಿ. ಇಂಜಿನ್ ಏದುಸಿರು ಬಿಡುತ್ತೆ. ಪೆಟ್ರೋಲ್ ಉಳಿಯಲಿ ಅಂತ ಗೇರ್ ಇಳಿಸದೆ ಎಳೆಯುವ ರೂಢಿ ಬಹಳ ಜನರದ್ದು. ಕಡಿಮೆ ವೇಗ, ಪೂರ್ತಿ ಎಕ್ಸಿಲೇಟರ್, ಗಾಳಿ ಕಡಿಮೆ, ಉರಿ ಜಾಸ್ತಿ. ಒಂದು ಗೇರ್ ಇಳಿಸಿದರೆ ಇಂಜಿನ್ ಹಗುರವಾಗಿ ತಿರುಗುತ್ತೆ. ಹಾಗೇ ಅರ್ಧ ಕ್ಲಚ್ ಹಿಡಿದು ಓಡಿಸುವುದನ್ನೂ ಬಿಡಬೇಕು. ಕ್ಲಚ್ ಪ್ಲೇಟ್ ತಿಕ್ಕಿ ಹುಟ್ಟಿದ ಬಿಸಿಯೂ ಅದೇ ಆಯಿಲ್‌ಗೇ ಸೇರುತ್ತೆ.

ಬ್ರೇಕ್ ಹಿಡಿದುಕೊಂಡಿರುವ ಗಾಲಿ, ತೀರಾ ಬಿಗಿ ಮಾಡಿದ ಚೈನ್, ಗಾಳಿ ಕಡಿಮೆ ಇರುವ ಟೈರ್, ಇವೂ ಇಂಜಿನ್ ಮೇಲೆ ಭಾರವೇ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ ಹಿಂದಿನ ಗಾಲಿ ಕೈಯಿಂದ ತಿರುಗಿಸಿದರೆ ಗೊತ್ತಾಗಿಬಿಡುತ್ತೆ.

ಕಾರ್ಬೋರೇಟರ್, ಟ್ಯಾಪೆಟ್ ಕೂಡ ಕಾರಣ

ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಆದರೆ ಇಂಜಿನ್ ಜಾಸ್ತಿ ಕಾಯುತ್ತೆ. ಮೈಲೇಜ್ ಬರಲಿ ಅಂತ ಕಾರ್ಬೋರೇಟರ್ ಸ್ಕ್ರೂ ತೀರಾ ಬಿಗಿ ಮಾಡಿಸಿದ ಗಾಡಿಗಳಲ್ಲಿ ಆಗೋದು ಇದೇ. ಕಾರ್ಬೋರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಪೈಪ್ ಸೀಳಿದ್ದರೂ ಅಲ್ಲಿಂದ ಕಳ್ಳ ಗಾಳಿ ಎಳೆಯುತ್ತೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಸೆನ್ಸರ್ ಇರುವ ಹೊಸ ಗಾಡಿ ಇದಕ್ಕೆ ತಾನೇ ಹೊಂದಿಕೊಳ್ಳುತ್ತೆ, ಹಳೇ ಕಾರ್ಬೋರೇಟರ್‌ಗೆ ಅದು ಗೊತ್ತಾಗಲ್ಲ. ಬೇಸಿಗೆ ಶುರುವಾಗುವ ಮುಂಚೆ ಒಂದು ಸಲ ಒಳ್ಳೆ ಮಿಸ್ತ್ರಿ ಕೈಯಲ್ಲಿ ಕಾರ್ಬೋರೇಟರ್ ಟ್ಯೂನಿಂಗ್, ಟ್ಯಾಪೆಟ್ ಸೆಟ್ಟಿಂಗ್, ಪ್ಲಗ್ ಪರೀಕ್ಷೆ ಮಾಡಿಸಬೇಕು. ಪ್ಲಗ್ ತುದಿ ಇಟ್ಟಿಗೆ-ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗೆ ಸುಟ್ಟಂತೆ ಇದ್ದರೆ ಇಂಜಿನ್ ಕಾಯುತ್ತಿದೆ ಅಂತ ಅರ್ಥ.

ಆಯಿಲ್ ಕಡಿಮೆ ಇದ್ದರೆ ಲೆಕ್ಕವೇ ಬದಲು

ಒಟ್ಟು ಇರೋದೇ ಒಂದು ಲೀಟರ್ ಆಸುಪಾಸು. ಅದರಲ್ಲಿ 300 ಎಂ.ಎಲ್. ಉರಿದೋ ಸೋರಿಯೋ ಹೋದರೆ ಮೂರರಲ್ಲಿ ಒಂದು ಪಾಲು ಹೋದಂತೆ. ಉಳಿದ ಎರಡು ಪಾಲು ಅದೇ ಬಿಸಿಯನ್ನು ಹೊರಬೇಕು, ತಣ್ಣಗಾಗಲು ಸಮಯ ಸಿಗದೆ ಮತ್ತೆ ಮತ್ತೆ ಸುತ್ತಬೇಕು. ಹಳೇ ಬುಲೆಟ್‌ನಲ್ಲಿ ಎರಡು ಲೀಟರಿಗೂ ಹೆಚ್ಚು ಆಯಿಲ್ ಇರುವುದರಿಂದ ಅದು ಸ್ವಲ್ಪ ತಡೆಯುತ್ತೆ. ಸಣ್ಣ ಗಾಡಿ ತಡೆಯಲ್ಲ.

ನೋಡುವ ವಿಧಾನ ಸುಲಭ. ಎರಡು-ಮೂರು ನಿಮಿಷ ಚಾಲೂ ಮಾಡಿ ಆಫ್ ಮಾಡಿ. ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಮತ್ತೆ ಎರಡು-ಮೂರು ನಿಮಿಷ ಬಿಡಿ. ಆಯಿಲ್ ಕಡ್ಡಿ ತೆಗೆದು ಒರೆಸಿ, ಮತ್ತೆ ಒಳಗೆ ಬಿಟ್ಟು ತೆಗೆಯಿರಿ. ಸ್ಪ್ಲೆಂಡರ್‌ನಲ್ಲಿ ನೋಡುವಾಗ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ಮನೆ ಕೂರಿಸಿ ತೆಗೆಯಬೇಕು. ಎರಡು ಗೆರೆ ನಡುವೆ, ಮೇಲಿನ ಗೆರೆಗೆ ಹತ್ತಿರ ಇದ್ದರೆ ಸರಿ. ಹಳೇ ಕಾಸ್ಟ್ ಐರನ್ ಬುಲೆಟ್ ಬಹಳ ದಿನ ನಿಂತಿದ್ದರೆ ಆಯಿಲ್ ತನ್ನ ಜಾಗ ಬಿಟ್ಟು ಕ್ರ್ಯಾಂಕ್ ಕಡೆ ಇಳಿದಿರುತ್ತೆ, ಕಡ್ಡಿ ಸುಳ್ಳು ಹೇಳುತ್ತೆ. ಸ್ವಲ್ಪ ಹೊತ್ತು ಓಡಿಸಿ ಆಮೇಲೆ ನೋಡಬೇಕು, ಇಲ್ಲದಿದ್ದರೆ ಸುಮ್ಮನೆ ಹೆಚ್ಚು ಸುರಿದಂತಾಗುತ್ತೆ.

ಹೆಚ್ಚು ಹಾಕಿದರೆ ಇನ್ನೂ ತಂಪು ಅನ್ನೋದು ತಪ್ಪು. ಗೆರೆ ಮೀರಿದ ಆಯಿಲನ್ನು ಒಳಗಿನ ಭಾಗಗಳು ಕಡೆದು ನೊರೆ ಮಾಡುತ್ತವೆ. ನೊರೆ ಆಯಿಲ್ ಬಿಸಿಯನ್ನೂ ಹೊರಲ್ಲ, ಸರಿಯಾಗಿ ಜಾರಿಸೋದೂ ಇಲ್ಲ.

ಅಂಗಡಿಯವರ ಗಾಡಿಗೆ ಬೇರೆಯೇ ರೋಗ

ಮನೆಯಿಂದ ಅಂಗಡಿ ಒಂದು ಕಿ.ಮೀ., ಅಂಗಡಿಯಿಂದ ಗೋಡೌನ್ ಅರ್ಧ ಕಿ.ಮೀ. ದಿನಕ್ಕೆ ಹತ್ತು ಸಲ ಚಾಲೂ, ಹತ್ತು ಸಲ ಆಫ್. ಇಂಥ ಗಾಡಿಯ ಆಯಿಲ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತೆ. ಅದರಲ್ಲಿ ಸ್ವಲ್ಪ ರಿಂಗ್ ದಾಟಿ ಕೆಳಗಿಳಿಯುತ್ತೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆರಿ ಹೋಗುತ್ತೆ, ಕಾಯದಿದ್ದರೆ ಅಲ್ಲೇ ಉಳಿದು ಆಯಿಲ್ ಜೊತೆ ಕಲಸುತ್ತೆ. ಆಯಿಲ್ ಮುಚ್ಚಳದ ಒಳಗೆ ಚಹಾದ ಕೆನೆಯಂಥ ಬಿಳಿ ಲೋಳೆ ಕಂಡರೆ ಇದೇ ಕಾರಣ ಇರಬಹುದು. ಮಳೆಗಾಲ, ಚಳಿಗಾಲದಲ್ಲಿ ಇದು ಜಾಸ್ತಿ.

ಇದಕ್ಕೆ ಔಷಧಿ ಸರಳ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಒಂದೇ ಸಮ 15-20 ಕಿ.ಮೀ. ಓಡಿಸಿ. ಕಿಲೋಮೀಟರ್ ಆಗಿಲ್ಲ ಅಂತ ವರ್ಷಗಟ್ಟಲೆ ಅದೇ ಆಯಿಲ್ ಇಟ್ಟುಕೊಳ್ಳಬೇಡಿ. ಚಾಲೂ ಮಾಡಿದ ಕೂಡಲೇ ಜೋರಾಗಿ ರೇಸ್ ಮಾಡುವುದೂ ಬೇಡ. ತಣ್ಣನೆ ಆಯಿಲ್ ಹೆಡ್ ತನಕ ಏರಲು ಸ್ವಲ್ಪ ಹೊತ್ತು ಬೇಕು.

ಡಬ್ಬಿ ಮೇಲಿನ ನಂಬರ್ ಏನು ಹೇಳುತ್ತೆ?

10ಡಬ್ಲ್ಯು-30, 20ಡಬ್ಲ್ಯು-40, 20ಡಬ್ಲ್ಯು-50 ಅಂತ ಬರೆದಿರುತ್ತೆ. ಮೊದಲ ನಂಬರ್ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನುವುದಕ್ಕೆ. ಕಡಿಮೆ ಇದ್ದಷ್ಟು ಸಲೀಸು. ಎರಡನೇ ನಂಬರ್ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅನ್ನುವುದಕ್ಕೆ. ಹೆಚ್ಚು ಇದ್ದಷ್ಟು ದಪ್ಪ.

ದಪ್ಪ ಆಯಿಲ್ ಹಾಕಿದರೆ ಇಂಜಿನ್ ತಂಪಾಗುತ್ತೆ ಅನ್ನೋ ನಂಬಿಕೆ ಬಜಾರಿನಲ್ಲಿದೆ. ಅದು ನಿಜವಲ್ಲ. ದಪ್ಪ ಆಯಿಲ್ ಬಿಸಿಯನ್ನು ಕಡಿಮೆ ಮಾಡಲ್ಲ, ಬಿಸಿಯಲ್ಲೂ ಪದರ ಹಿಡಿದುಕೊಳ್ಳುತ್ತೆ ಅಷ್ಟೇ. ಕಂಪನಿ 10ಡಬ್ಲ್ಯು-30 ಹೇಳಿದ ಸಣ್ಣ ಇಂಜಿನ್‌ಗೆ 20ಡಬ್ಲ್ಯು-50 ಸುರಿದರೆ ಪಂಪ್ ಎಳೆಯಲು ಕಷ್ಟ. ಒಳಗೇ ತಿಕ್ಕಾಟ ಹೆಚ್ಚಿ ಬಿಸಿ ಇನ್ನೂ ಏರಬಹುದು. ಗಾಡಿಯ ಮ್ಯಾನುಯಲ್ ಹೇಳಿದ ಗ್ರೇಡ್ ಮೊದಲು. ಇಂಜಿನ್ ಬಹಳ ಸವೆದು ಆಯಿಲ್ ಕುಡಿಯುತ್ತಿದ್ದರೆ ಮಾತ್ರ ಒಂದು ಹಂತ ದಪ್ಪ ಹಾಕಬಹುದಾ ಅಂತ ಮಿಸ್ತ್ರಿಯನ್ನು ಕೇಳಬಹುದು.

ಇನ್ನೊಂದು ಗುರುತು ನೋಡಬೇಕಾದ್ದು ಜಾಸೋ ಎಂಎ ಅಥವಾ ಎಂಎ2. ಇದು ಇದ್ದರೆ ಆಯಿಲ್ ಒಳಗೆ ಮುಳುಗಿದ ಬೈಕ್ ಕ್ಲಚ್‌ಗೆ ಹೊಂದುತ್ತೆ ಅಂತ. ಮನೆಯಲ್ಲಿ ಕಾರಿನ ಆಯಿಲ್ ಉಳಿದಿದೆ ಅಂತ ಬೈಕಿಗೆ ಹಾಕಬಾರದು. ಕೆಲವು ಕಾರ್ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಮಿಶ್ರಣ ಇರುತ್ತೆ, ಕ್ಲಚ್ ಸ್ಲಿಪ್ ಆಗಿ ಅದೇ ಬಿಸಿಗೆ ಕಾರಣವಾಗುತ್ತೆ. ಡ್ರಮ್ಮಿನಿಂದ ಅಳೆದು ಕೊಡುವ ಹೆಸರಿಲ್ಲದ ಲೂಸ್ ಆಯಿಲ್ ಕಡೆ ಹೋಗಲೇಬೇಡಿ. ಸೀಲ್ ಇರುವ ಡಬ್ಬಿ ತನ್ನಿ, ಎದುರಿಗೇ ಸೀಲ್ ಒಡೆಸಿ ಹಾಕಿಸಿ.

ಎಷ್ಟು ಕಿ.ಮೀ.ಗೆ ಬದಲಿಸಬೇಕು ಅನ್ನುವುದಕ್ಕೆ ಮ್ಯಾನುಯಲ್ ಒಂದು ಲೆಕ್ಕ ಕೊಡುತ್ತೆ. ಹಳೇ ಗಾಡಿಗೆ ಮಿಸ್ತ್ರಿಗಳು ಸಾಮಾನ್ಯವಾಗಿ ಹೇಳೋದು 2,000ದಿಂದ 3,000 ಕಿ.ಮೀ. ಬೇಸಿಗೆಯಲ್ಲಿ ಭಾರ ಹೊತ್ತು ಓಡುವ ಗಾಡಿಗೆ ಇದರಲ್ಲಿ ಮೊದಲ ನಂಬರ್ ಹಿಡಿಯೋದು ಕ್ಷೇಮ. ಕಡಿಮೆಯಾದಷ್ಟು ಮೇಲಿಂದ ಹಾಕಿದರೆ ಬದಲಿಸಿದಂತೆ ಆಗುವುದಿಲ್ಲ. ಹಳಸಿದ ಆಯಿಲ್ ಒಳಗೇ ಇರುತ್ತೆ. ಸ್ಪ್ಲೆಂಡರ್ ಥರದ ಇಂಜಿನ್‌ನಲ್ಲಿ ಕಾರಿನಂತೆ ಪೇಪರ್ ಫಿಲ್ಟರ್ ಇಲ್ಲ, ಒಂದು ಜಾಲರಿ, ತಿರುಗುತ್ತಾ ಕೊಳೆ ಹಿಡಿಯುವ ಒಂದು ಡಬ್ಬಿ ಇದೆ. ಬಲಗಡೆ ಕವರ್ ಬಿಚ್ಚಿದಾಗ ಇವೆರಡನ್ನೂ ಸ್ವಚ್ಛ ಮಾಡಿ ಅಂತ ಮಿಸ್ತ್ರಿಗೆ ಹೇಳಿ.

ಮೀಟರ್ ಇಲ್ಲದೆ ಬಿಸಿ ತಿಳಿಯೋದು ಹೇಗೆ?

ಹಳೇ ಬೈಕಿನಲ್ಲಿ ಆಯಿಲ್ ಬಿಸಿ ತೋರಿಸುವ ಮೀಟರ್ ಇಲ್ಲ. ಗಾಡಿಯೇ ಹೇಳುತ್ತೆ, ಕೇಳಿಸಿಕೊಳ್ಳಬೇಕು. ಕಾದ ಮೇಲೆ ಎಳೆತ ಕಡಿಮೆಯಾಗುವುದು, ಏರಿನಲ್ಲಿ ಎಕ್ಸಿಲೇಟರ್ ಕೊಟ್ಟಾಗ ಟಣಟಣ ಸದ್ದು, ನ್ಯೂಟ್ರಲ್ ಬೀಳದೆ ಸತಾಯಿಸುವುದು, ಟ್ಯಾಪೆಟ್ ಸದ್ದು ಜೋರಾಗುವುದು, ಸುಟ್ಟ ಎಣ್ಣೆ ವಾಸನೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಿಲ್ಲಿಸುವುದೇ ಲೇಸು. ಆಯಿಲ್ ಕಪ್ಪಾಗಿದೆ ಅಂದಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ಕೊಳೆ ಹಿಡಿದುಕೊಳ್ಳೋದೂ ಅದರ ಕೆಲಸ. ಬೆರಳಿನಲ್ಲಿ ತಿಕ್ಕಿದಾಗ ನೀರಿನಂತೆ ಜಾರಿದರೆ, ಸುಟ್ಟ ವಾಸನೆ ಬಂದರೆ, ಲೋಹದ ಪುಡಿ ಮಿಂಚಿದರೆ ಬದಲಿಸಬೇಕು.

ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಇದಕ್ಕೆ ಆಗಲ್ಲ, ಅದು ಮೈ ಜ್ವರದ ಲೆಕ್ಕಕ್ಕೆ ಮಾತ್ರ. ಎಲೆಕ್ಟ್ರಿಷಿಯನ್‌ಗಳು ಬಳಸುವ ಗನ್ ಥರ್ಮಾಮೀಟರ್ ಇದ್ದರೆ ಡ್ರೈನ್ ನಟ್ ಪಕ್ಕದ ಮಾಸಲು ಜಾಗಕ್ಕೆ ಹಿಡಿದು ನೋಡಬಹುದು. ಮಿಂಚುವ ಅಲ್ಯೂಮಿನಿಯಂಗೆ ಹಿಡಿದರೆ ತಪ್ಪು ತೋರಿಸುತ್ತೆ. ಅದು ತೋರಿಸೋದು ಹೊರಗಿನ ಬಿಸಿ. ಹಾಗಾಗಿ ಒಳ್ಳೆ ದಿನ ಎಷ್ಟಿತ್ತು, ಇವತ್ತು ಎಷ್ಟಿದೆ ಅಂತ ಹೋಲಿಸಲು ಮಾತ್ರ ಉಪಯೋಗ.

ದಾರಿಯಲ್ಲಿ ಕಾದರೆ ಹೀಗೆ ಮಾಡಿ

ನೆರಳಿಗೆ ನಿಲ್ಲಿಸಿ, ಆಫ್ ಮಾಡಿ, 20-30 ನಿಮಿಷ ಬಿಡಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಲೇಬೇಡಿ. ಒಮ್ಮೆಲೇ ತಣ್ಣಗಾದರೆ ಹೆಡ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಕಾದಾಗ ಆಯಿಲ್ ಮುಚ್ಚಳಕ್ಕೂ ಬರಿಗೈ ಹಚ್ಚಬೇಡಿ. ತಣ್ಣಗಾದ ಮೇಲೆ ಆಯಿಲ್ ನೋಡಿ, ಕಡಿಮೆ ಇದ್ದರೆ ಹಾಕಿ, ಕಿಕ್ ಸಲೀಸಾಗಿ ಇಳಿಯುತ್ತಾ ನೋಡಿ, ಆಮೇಲೆ ನಿಧಾನ ಓಡಿಸಿ. ಕಿಕ್ ಹಿಡಿದುಕೊಂಡರೆ ಬಲವಂತ ಮಾಡದೆ ಗ್ಯಾರೇಜಿಗೆ ತಳ್ಳಿಕೊಂಡು ಹೋಗೋದು ಲೇಸು. ಒಂದು ಸಲ ಹೀಗೆ ಜೋರಾಗಿ ಕಾದ ಆಯಿಲನ್ನು ಮತ್ತೆ ನಂಬಬಾರದು, ಬದಲಿಸಿಬಿಡಿ.

ಕೆಲವರು ಆಯಿಲ್ ಕೂಲರ್ ಹಾಕಿಸಬಹುದಾ ಅಂತ ಕೇಳುತ್ತಾರೆ. ಪಲ್ಸರ್ 220 ಥರದ ಗಾಡಿಗೆ ಅದು ಕಂಪನಿಯಿಂದಲೇ ಬಂದಿದೆ. 100 ಸಿ.ಸಿ. ಗಾಡಿಗೆ ಹೊರಗಿನಿಂದ ಜೋಡಿಸಿದರೆ ಪೈಪ್ ಸೋರಿದಾಗ ಇದ್ದ ಒಂದು ಲೀಟರೂ ರಸ್ತೆಗೆ ಹೋಗುತ್ತೆ. ಅದರ ಬದಲು ಫಿನ್ ತೊಳೆದು, ಆಯಿಲ್ ಮಟ್ಟ ಸರಿ ಇಟ್ಟರೆ ಸಾಕು.

ತೆಗೆದ ಹಳೇ ಆಯಿಲನ್ನು ಚರಂಡಿಗೋ ಕಾಲುವೆಗೋ ಚೆಲ್ಲಬೇಡಿ. ಅದೇ ಕಾಲುವೆ ನೀರು ಗದ್ದೆಗೆ ಹೋಗುತ್ತೆ, ಕೆಳಗಿನ ಊರಿನ ಕೆರೆಗೂ ಹೋಗುತ್ತೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟರೆ ಹಳೇ ಆಯಿಲ್ ಒಯ್ಯುವವರಿಗೆ ಅವರು ಕೊಡುತ್ತಾರೆ.

ನೆನಪಿರಲಿ

* ವಾರಕ್ಕೊಮ್ಮೆ ಆಯಿಲ್ ಕಡ್ಡಿ ನೋಡಿ. ಭಾನುವಾರ ಬೆಳಿಗ್ಗೆ ಐದು ನಿಮಿಷ ಸಾಕು.
* ಫಿನ್ ನಡುವೆ ಮಣ್ಣು ನಿಲ್ಲಲು ಬಿಡಬೇಡಿ.
* ನಿಂತಲ್ಲಿ ಆಫ್, ಏರಿನಲ್ಲಿ ಗೇರ್ ಇಳಿಸಿ.
* ಮ್ಯಾನುಯಲ್ ಹೇಳಿದ ಗ್ರೇಡ್, ಜಾಸೋ ಎಂಎ ಗುರುತು, ಸೀಲ್ ಇರುವ ಡಬ್ಬಿ.
* ಬೇಸಿಗೆಯಲ್ಲಿ ಆಯಿಲ್ ಬೇಗ ಬದಲಿಸಿ. ಬದಲಿಸಿದ ದಿನಾಂಕ, ಮೀಟರ್ ರೀಡಿಂಗ್ ಟ್ಯಾಂಕ್ ಮೇಲೋ ಅಂಗಡಿ ಖಾತೆ ಪುಸ್ತಕದಲ್ಲೋ ಬರೆದಿಡಿ.
* ಮಧ್ಯಾಹ್ನ 12ರಿಂದ 4ರ ನಡುವಿನ ಭಾರದ ಟ್ರಿಪ್ ಬೆಳಿಗ್ಗೆ ಅಥವಾ ಸಂಜೆಗೆ ಹಾಕಿಕೊಳ್ಳಲು ಆದರೆ ಹಾಕಿಕೊಳ್ಳಿ. ಗಾಡಿಗೂ ಒಳ್ಳೇದು, ಓಡಿಸುವವರ ತಲೆಗೂ ಒಳ್ಳೇದು.